30 ಬಾತ್‌ಗೆ ಚಿಕಿತ್ಸೆ: ಥಾಯ್ಲೆಂಡ್ ಹಾಕಿದ ಲೆಕ್ಕ

ಥಾಯ್ಲೆಂಡ್ ಅಂದ್ರೆ ನಮಗೆ ಬೀಚು, ಬ್ಯಾಂಕಾಕ್, ಅಷ್ಟೇ. 2001ರ ಚುನಾವಣೆಯಲ್ಲಿ ಅಲ್ಲಿ ಥಕ್ಸಿನ್ ಶಿನವತ್ರ ಪಕ್ಷ ಒಂದು ಮಾತು ಕೊಟ್ಟಿತು: ಯಾವ ಕಾಯಿಲೆಗಾದರೂ 30 ಬಾತ್. ಆಗ ಅದು ಹೆಚ್ಚುಕಡಿಮೆ ನಮ್ಮ 30 ರೂಪಾಯಿ.

ಘೋಷಣೆ ರಾಜಕಾರಣಿಯದ್ದು, ಲೆಕ್ಕ ಮಾತ್ರ ಡಾಕ್ಟರ್ ಸಂಗುವನ್ ನಿತ್ಯಾರಂಫೊಂಗ್ ಅವರದ್ದು. ಹಳ್ಳಿಗಾಡಿನ ಆಸ್ಪತ್ರೆಯಲ್ಲಿ ದುಡಿದಿದ್ದ ಅವರು, ವಿಮೆ ಇಲ್ಲದವರನ್ನೂ ಸೇರಿಸೋಕೆ ಎಷ್ಟು ದುಡ್ಡು ಬೇಕು ಅಂತ ವರ್ಷಗಟ್ಟಲೆ ಅಧ್ಯಯನ ಮಾಡಿ ಪಕ್ಷಗಳ ಬಾಗಿಲು ತಟ್ಟಿದ್ದರು. ಹೊರರೋಗಿಗಳಿಗೆ ಬಿಲ್ ನೋಡಿ ದುಡ್ಡು ಕೊಡೋದಲ್ಲ. ಆಸ್ಪತ್ರೆಯಲ್ಲಿ ನೋಂದಾಯಿಸಿಕೊಂಡವರ ತಲೆಗಿಷ್ಟು ಅಂತ, ತೆರಿಗೆ ಹಣದಿಂದ. ಹಾಗಾಗಿ ಖರ್ಚು ಕೈಮೀರಲಿಲ್ಲ. ಜನ ಕಡಿಮೆ, ಸಿಬ್ಬಂದಿ ಜಾಸ್ತಿ ಇದ್ದ ಆಸ್ಪತ್ರೆಗಳು ಗೊಣಗಿದವು, ಪಾಪ ಅದೂ ಸರಿನೇ. 2002ರಲ್ಲಿ ಇದು ಕಾನೂನಾಯ್ತು.

2006ರಲ್ಲಿ ಸೈನ್ಯ ಥಕ್ಸಿನ್‌ರನ್ನ ಇಳಿಸಿತು. ಯೋಜನೆ ಮಾತ್ರ ಉಳೀತು. ಹೊಸ ಸರ್ಕಾರ ಆ 30 ಬಾತನ್ನೂ ತೆಗೆದುಹಾಕ್ತು.