ರಾಜನ ನಾಯಿ ದೋಣಿಯಲ್ಲಿ ಮಾಡಿದ್ದು

1660ರ ಮೇ 25. ಹನ್ನೊಂದು ವರ್ಷದ ಹಿಂದೆ ಅಪ್ಪನ ತಲೆ ಕಡಿದಿದ್ದ ಇಂಗ್ಲೆಂಡಿಗೆ ಎರಡನೇ ಚಾರ್ಲ್ಸ್ ರಾಜನಾಗಿ ವಾಪಸ್ ಬರ್ತಿದ್ದಾನೆ. ಡೋವರ್ ದಡದ ತುಂಬ ಜನ. ಹಡಗಿನಿಂದ ದಡಕ್ಕೆ ಹೊರಟ ದೋಣಿಗಳಲ್ಲಿ ಒಂದರಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ಅನ್ನೋ 27 ವರ್ಷದ ಗುಮಾಸ್ತ ಕೂತಿದ್ದಾನೆ. ಜೊತೆಗೆ ರಾಜನ ಒಬ್ಬ ಸೇವಕ ಮತ್ತು ರಾಜನ ಮುದ್ದಿನ ಒಂದು ನಾಯಿ. ಆ ನಾಯಿ ದೋಣಿಯಲ್ಲೇ ಕಕ್ಕ ಮಾಡಿಬಿಡ್ತು. ಎಲ್ಲರೂ ನಕ್ಕರು. ರಾಜನೇ ಇರಲಿ, ರಾಜನಿಗೆ ಸೇರಿದ್ದೇ ಇರಲಿ, ಕೊನೆಗೆ ಎಲ್ಲಾ ನಮ್ಮ ಥರಾನೇ ಅನ್ನೋ ಅರ್ಥದಲ್ಲಿ ಪೀಪ್ಸ್ ಅವತ್ತಿನ ಡೈರಿಯಲ್ಲಿ ಬರೆದುಕೊಂಡ. ಅದನ್ನ ಬಳಿದವರು ಯಾರು ಅಂತ ಮಾತ್ರ ಬರೆಯಲಿಲ್ಲ.

ನಾನು ಇದನ್ನ ಓದಿದ್ದು ಒಂದು ರಾತ್ರಿ ಎರಡೂವರೆಗೆ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮಾಪು ಹಿಡಿದುಕೊಂಡು. ಮನೆಗೆ ಒಂಬತ್ತು ವಾರದ ಶಿಹ್ ತ್ಸು ಮರಿ ಬಂದು ನಾಲ್ಕು ದಿನ ಆಗಿತ್ತು. ಹೆಸರು ಬೆಣ್ಣೆ. ಸೋಫಾ ಪಕ್ಕ, ಡೈನಿಂಗ್ ಟೇಬಲ್ ಕೆಳಗೆ, ನನ್ನ ಲ್ಯಾಪ್‌ಟಾಪ್ ಬ್ಯಾಗ್ ಮೇಲೆ, ಎಲ್ಲಾ ಕಡೆ ಅದರದೇ ಉಚ್ಚೆ. ಊರಿಗೆ ಫೋನ್ ಮಾಡಿ ಹೇಳಿದ್ರೆ ಅವ್ವ ಅಂದದ್ದು: “ಅಲ್ಲಾ ಕಣ್ಲಾ, ನಾಯಿನ ಒಳೀಕ್ ಬುಟ್ಕಂಡು ಅದ್ರ ಉಚ್ಚೆ ಬಳೀತಾ ಕುಂತಿದ್ದೀಯಲ್ಲ, ಇದ್ಕೇನಾ ನಿನ್ನ ಇಂಜಿನಿಯರ್ ಓದ್ಸಿದ್ದು?”

ಅವ್ವನ ಪ್ರಶ್ನೆಯಲ್ಲಿ ಇತಿಹಾಸ ಇದೆ. ನಮ್ಮದು ಮದ್ದೂರು ತಾಲ್ಲೂಕು. ನಮ್ಮನೆ ಕರಿಯ ಬದುಕಿದ್ದಷ್ಟೂ ದಿನ ಹೊಸಿಲು ದಾಟಲಿಲ್ಲ. ಜಗಲಿಯೇ ಅದರ ಗಡಿ. ಹಿತ್ತಲು, ಬೇಲಿ ಸಂದಿ, ಗದ್ದೆ ಬದು ಅಂತ ಬೇಕಾದಷ್ಟು ಜಾಗ ಇತ್ತು. ಎಲ್ಲಿ ಹೋಗಬೇಕು ಅಂತ ಅದಕ್ಕೆ ಯಾರೂ ಕಲಿಸಲಿಲ್ಲ. ನಮ್ಮ ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 950ರ ಸುಮಾರಿನ ಒಂದು ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಚೋಳರ ವಿರುದ್ಧ ಶೌರ್ಯದಿಂದ ಕಾದಿದ ಮಣಲೇರನಿಗೆ ಏನು ಬೇಕು ಕೇಳು ಅಂದಾಗ, ಅವನು ಕೇಳಿದ್ದು ಕಾಳಿ ಅನ್ನೋ ನಾಯಿಯನ್ನ. ಆ ಕಾಳಿ ಮುಂದೆ ಕಾಡುಹಂದಿ ಜೊತೆ ಕಾದಾಡಿ ಸತ್ತಿತು, ಹಂದಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನಾಯಿಗೆ ಇಷ್ಟು ಗೌರವ ಕೊಟ್ಟ ನಾಡು ನಮ್ಮದು. ಆದರೆ ಅದೆಲ್ಲ ಹೊಲ, ಕಾಡು, ಬೇಟೆಯ ಸಂಬಂಧ. ನಾಯಿ ಹಾಲ್‌ನಲ್ಲಿ ಉಚ್ಚೆ ಮಾಡೋ ಸಮಸ್ಯೆ ಹುಟ್ಟೋದಕ್ಕೆ ಮೊದಲು ನಾಯಿ ಮನೆಯೊಳಗೆ ಬರಬೇಕಲ್ವಾ?

ಯುರೋಪಿನಲ್ಲಿ ಹಾಗೆ ಒಳಗೆ ಬಂದಿದ್ದು ಚಿಕ್ಕ ತಳಿಗಳು. ಕೇಂಬ್ರಿಡ್ಜಿನ ವೈದ್ಯ ಜಾನ್ ಕೀಸ್ 1570ರಲ್ಲಿ ಇಂಗ್ಲೆಂಡಿನ ನಾಯಿಗಳ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಪುಸ್ತಕ ಬರೆದ. 1576ರಲ್ಲಿ ಅದು ಇಂಗ್ಲಿಷಿಗೂ ಬಂತು. ಶ್ರೀಮಂತ ಹೆಂಗಸರು ಮಡಿಲಲ್ಲಿ ಇಟ್ಟುಕೊಳ್ಳುವ, ಹಾಸಿಗೆಯಲ್ಲಿ ಮಲಗಿಸಿಕೊಳ್ಳುವ ಪುಟ್ಟ ಸ್ಪೇನಿಯಲ್‌ಗಳು ಅದರಲ್ಲಿವೆ. ಹೊಟ್ಟೆಗೆ ಒತ್ತಿಕೊಂಡರೆ ಹೊಟ್ಟೆನೋವು ಕಡಿಮೆ ಆಗುತ್ತೆ ಅನ್ನೋ ನಂಬಿಕೆಯೂ ಇತ್ತಂತೆ. ನಮ್ಮ ಚಾರ್ಲ್ಸ್ ಮಹಾರಾಜನಿಗಂತೂ ಈ ಪುಟ್ಟ ಸ್ಪೇನಿಯಲ್‌ಗಳ ಹುಚ್ಚು. 1685ರಲ್ಲಿ ಅವನು ತೀರಿಕೊಂಡಾಗ ಜಾನ್ ಎವೆಲಿನ್ ಅನ್ನೋ ಇನ್ನೊಬ್ಬ ಡೈರಿಕಾರ ರಾಜನ ಗುಣಗಾನ ಮಾಡ್ತಾ ಮಾಡ್ತಾ ಒಂದು ಸತ್ಯ ಹೇಳಿಬಿಟ್ಟ. ನಾಯಿಗಳು ರಾಜನ ಮಲಗುವ ಕೋಣೆಯಲ್ಲೇ ಮರಿ ಹಾಕ್ತಿದ್ದವು, ಹಾಲೂಡಿಸ್ತಿದ್ದವು, ಇಡೀ ಅರಮನೆ ಗಬ್ಬು ನಾರ್ತಿತ್ತು ಅಂತ.

25 ವರ್ಷ ಆಳಿದ ರಾಜ. ನಾಯಿಗಳಿಗೆ ಜಾಗ ಕಲಿಸಬೇಕು ಅನ್ನಿಸದೇ ಇದ್ದದ್ದು ಯಾಕೆ? ಅವನು ಒಂದು ದಿನವೂ ನೆಲ ಒರೆಸಿರಲಿಲ್ಲ, ಅಷ್ಟೇ. ಒರೆಸೋಕೆ ಬೇರೆಯವರಿದ್ದರು.

ಇಲ್ಲಿ ನನಗೂ ಒಂದು ಪೆಟ್ಟು ಬಿತ್ತು. ಮನೆ ಕೆಲಸಕ್ಕೆ ಬರುವ ಅಕ್ಕ ಐದನೇ ದಿನ ಬಾಗಿಲಲ್ಲೇ ನಿಂತು, “ಸಾರ್, ನಾಯಿದು ನಾನ್ ಒರ್ಸಲ್ಲ. ನಿಮ್ ನಾಯಿ, ನೀವೇ ಒರೆಸ್ಕೊಳ್ಳಿ” ಅಂದರು. ಮೊದಲು ಕೋಪ ಬಂತು. ಆಮೇಲೆ ನಾಚಿಕೆ ಆಯ್ತು. ಆ ಕೆಲಸ ಅವರದ್ದು ಅಂತ ನಾನು ಕೇಳದೇನೇ ಅಂದುಕೊಂಡುಬಿಟ್ಟಿದ್ದೆ.

ಒರೆಸುವವರು ಇಲ್ಲದಾಗ ಮನುಷ್ಯ ಶಿಸ್ತು ಹುಡುಕ್ತಾನೆ. 20ನೇ ಶತಮಾನದಲ್ಲಿ ಎರಡು ಮಹಾಯುದ್ಧಗಳ ನಂತರ ಬ್ರಿಟನ್ನಿನ ಮಧ್ಯಮವರ್ಗದ ಮನೆಗಳಲ್ಲಿ ಆಳುಗಳು ಕಡಿಮೆಯಾದರು, ನಾಯಿಗಳು ಉಳಿದವು. ನಾಯಿ ಕಲಿಸೋ ವಿದ್ಯೆ ಆಗ ಬೆಳೆದಿದ್ದು ಪೊಲೀಸ್ ಮತ್ತು ಸೈನ್ಯದಲ್ಲಿ. ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಕೈಪಿಡಿ ಬಹಳ ಪ್ರಭಾವ ಬೀರಿತು. ಅದರಲ್ಲಿ ಬಲವಂತ ಇತ್ತು, ಹೊಡೆತವೂ ಇತ್ತು. ಆದರೆ ಮೋಸ್ಟ್ ಒಂದು ಮಾತನ್ನ ಸರಿಯಾಗಿ ಹಿಡಿದಿದ್ದ: ಮೆಚ್ಚುಗೆ ಆಗಲಿ ಶಿಕ್ಷೆ ಆಗಲಿ ಆ ಕ್ಷಣಕ್ಕೇ ಸಿಗಬೇಕು, ಮನುಷ್ಯರ ಸರಿ-ತಪ್ಪಿನ ಲೆಕ್ಕ ನಾಯಿಗೆ ಇಲ್ಲ. ಮನೆಮನೆಗೆ ಬರುವಷ್ಟರಲ್ಲಿ ಕ್ಷಣದ ಮಾತು ಬಿಟ್ಟುಹೋಗಿ ಹೊಡೆತ ಮಾತ್ರ ಉಳೀತು. ಪೇಪರ್ ಸುರುಳಿ ಸುತ್ತಿ ಬಾರಿಸು, ಉಚ್ಚೆಗೆ ಮೂಗು ಹಿಡಿದು ಉಜ್ಜು ಅನ್ನೋ ಸಲಹೆ ಇವತ್ತಿಗೂ ನಮ್ಮ ಅಪಾರ್ಟ್‌ಮೆಂಟ್ ಲಿಫ್ಟ್‌ನಲ್ಲಿ ಪುಕ್ಕಟೆ ಸಿಗುತ್ತೆ.

ನಾನೂ ಉಜ್ಜಿದೆ. ಬರೆಯೋಕೆ ಮುಜುಗರ ಆಗುತ್ತೆ, ಆದರೂ ಬರೀತೀನಿ. ಆಫೀಸ್ ಕಾಲ್ ಮುಗಿಸಿ ಬಂದು, ಯಾವಾಗಲೋ ಮಾಡಿದ್ದ ಉಚ್ಚೆಗೆ ಆ ಅಂಗೈಯಷ್ಟು ಮುಖ ಹಿಡಿದು ಒತ್ತಿದೆ. ಮೂರು ಸಲ. ಆಮೇಲೆ ಬೆಣ್ಣೆ ನನ್ನೆದುರು ಉಚ್ಚೆ ಮಾಡೋದನ್ನೇ ನಿಲ್ಲಿಸಿತು. ಬಾಲ್ಕನಿಗೆ ಕರಕೊಂಡು ಹೋದರೆ ಸುಮ್ಮನೆ ನಡುಗ್ತಾ ಕೂರೋದು. ಒಳಗೆ ಬಂದಮೇಲೆ ಸೋಫಾ ಹಿಂದೆ ಹೋಗಿ ಕದ್ದು ಮಾಡೋದು. ಇನ್‌ಪುಟ್ ತಪ್ಪು ಕೊಟ್ಟು ಔಟ್‌ಪುಟ್ ಬೈದ ಹಾಗಾಗಿತ್ತು ನನ್ನ ಕಥೆ. ‘ಇಲ್ಲಿ ಮಾಡಬೇಡ’ ಅಂತ ಹೇಳ್ತಿದ್ದೀನಿ ಅಂದುಕೊಂಡಿದ್ದೆ. ‘ಇವನ ಮುಂದೆ ಮಾಡಬಾರದು’ ಅಂತ ಅದು ಕಲಿತಿತ್ತು.

ಯೂಟ್ಯೂಬ್‌ನಲ್ಲಿ ಒಬ್ಬ, ನೀನು ‘ಆಲ್ಫಾ’ ಆಗಬೇಕು, ಮರಿಯನ್ನ ಅಂಗಾತ ಕೆಡವಿ ಅದುಮಿ ಹಿಡಿ ಅಂದ. ಇದರ ಮೂಲ ಹುಡುಕಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನೋ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಕಿತ್ತಾಟ ನೋಡಿ ಬರೆದ ವರದಿಯಿಂದ ಈ ವಿಚಾರ ಬೆಳೆದಿದ್ದು. ಅಮೆರಿಕದ ಡೇವಿಡ್ ಮೆಕ್ 1970ರ ತನ್ನ ತೋಳದ ಪುಸ್ತಕದಲ್ಲಿ ಅದನ್ನ ಜನಪ್ರಿಯ ಮಾಡಿದ. ಆಮೇಲೆ ಅದೇ ಮೆಕ್ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆಯಿಂದ ಬೇಸಿಗೆಗೆ ಹೋಗಿ ಕಾಡಿನ ತೋಳಗಳನ್ನ ನೋಡಿದ. ಅಲ್ಲಿ ಆಲ್ಫಾ ಅಂದರೆ ಬರೀ ಅಪ್ಪ ಅಮ್ಮ. ಹಿಂಡು ಅಂದರೆ ಅವರ ಮಕ್ಕಳು. 1999ರಲ್ಲಿ ಆ ಪದ ಬಳಸೋದು ಸರಿಯಲ್ಲ ಅಂತ ತಾನೇ ಪ್ರಬಂಧ ಬರೆದ. ಬಗ್ ಹಾಕಿದವನೇ ಫಿಕ್ಸ್ ಕೊಟ್ಟ, ಜನ ಇನ್ನೂ ಹಳೇ ವರ್ಷನ್ನೇ ಓಡಿಸ್ತಿದ್ದಾರೆ.

ಹಾಗಾದರೆ ಮರಿ ಕಲಿಯೋದು ಹೇಗೆ? ಅದಕ್ಕೆ ಉತ್ತರ ನಾನು ಚಿಕ್ಕವನಿದ್ದಾಗಲೇ ಹುಲ್ಲಿನ ಮೆದೆ ಕೆಳಗೆ ನೋಡಿದ್ದೆ. ಬೀದಿನಾಯಿ ಒಂದು ಆರು ಮರಿ ಹಾಕಿತ್ತು, ಆದರೂ ಆ ಗೂಡು ನಾರ್ತಿರಲಿಲ್ಲ. ಹುಟ್ಟಿದ ಮೊದಲ ವಾರಗಳಲ್ಲಿ ತಾಯಿ ನೆಕ್ಕಿದರೇನೇ ಮರಿಗೆ ಉಚ್ಚೆ ಬರೋದು, ಅದನ್ನ ತಾಯಿಯೇ ಶುಚಿ ಮಾಡುತ್ತೆ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಐದು ತಳಿಗಳ ಮೇಲೆ ವರ್ಷಗಟ್ಟಲೆ ಅಧ್ಯಯನ ಮಾಡಿ 1965ರಲ್ಲಿ ಪುಸ್ತಕ ತಂದರು. ಮೂರು ವಾರ ಆಗ್ತಿದ್ದ ಹಾಗೆ ಮರಿಗಳು ಮಲಗೋ ಜಾಗ ಬಿಟ್ಟು ಆಚೆ ಹೋಗಿ ಮಾಡೋಕೆ ಶುರು ಮಾಡ್ತವೆ, ಎಂಟೂವರೆ ವಾರದ ಹೊತ್ತಿಗೆ ತಮ್ಮದೇ ಜಾಗ ಗೊತ್ತುಮಾಡಿಕೊಳ್ಳೋಕೆ ತೊಡಗ್ತವೆ ಅಂತ ಅವರು ಗಮನಿಸಿದರು. ಅಂದರೆ ಶುಚಿಯ ಆಸೆ ಮರಿಯಲ್ಲೇ ಇದೆ. ನನ್ನ ಪಾಲಿನ ಕೆಲಸ ಜಾಗ ತೋರಿಸೋದು, ಹೊತ್ತು ತಪ್ಪಿಸದೇ ಇರೋದು.

ಎಕ್ಸೆಲ್ ಶೀಟ್ ತೆಗೆದೆ. ಎದ್ದ ಹೊತ್ತು, ತಿಂದ ಹೊತ್ತು, ಮಾಡಿದ ಹೊತ್ತು, ಎಲ್ಲಾ ಬರೆದೆ. ವಾರದಲ್ಲಿ ಪ್ಯಾಟರ್ನ್ ಕಾಣಿಸ್ತು: ನಿದ್ದೆಯಿಂದ ಎದ್ದ ತಕ್ಷಣ, ಊಟ ಆದ ಕಾಲು ಗಂಟೆಯೊಳಗೆ, ಆಟದ ಮಧ್ಯೆ. ಚಿಕ್ಕ ತಳಿಯ ಮರಿ, ಅದರ ಮೂತ್ರಕೋಶವೂ ಪುಟ್ಟದು. ಹಗಲಲ್ಲಿ ಎರಡು ಗಂಟೆ ತಡಕೊಂಡರೆ ಅದೇ ದೊಡ್ಡದು. ಲಸಿಕೆ ಪೂರ್ತಿ ಆಗಿರಲಿಲ್ಲ, ಕೆಳಗೆ ಇಳಿಸೋ ಹಾಗಿರಲಿಲ್ಲ. ಬಾಲ್ಕನಿಯಲ್ಲಿ ಒಂದು ಟ್ರೇಗೆ ಹುಲ್ಲು ಹಾಸಿ ಇಟ್ಟೆ. ಆ ಹೊತ್ತುಗಳಿಗೆ ಸರಿಯಾಗಿ ಎತ್ತಿಕೊಂಡು ಹೋಗಿ, ಮಾಡಿದ ಮರುಕ್ಷಣ ಚೂರು ಬೇಯಿಸಿದ ಕೋಳಿ ಕೊಟ್ಟೆ. ಒಳಗೆ ಮಾಡಿದ್ದು ಕಂಡರೆ ಬೈಯದೆ ಒರೆಸಿದೆ.

ಒರೆಸೋದರಲ್ಲೂ ತಪ್ಪು ಮಾಡಿದ್ದೆ. ಫಿನಾಯಿಲ್ ಹಾಕಿದರೆ ನಮ್ಮ ಮೂಗಿಗೆ ಮಾತ್ರ ಮೋಸ, ಅಡಿಯಲ್ಲಿರೋ ವಾಸನೆ ನಾಯಿಗೆ ಸಿಗುತ್ತೆ, ಮತ್ತೆ ಅಲ್ಲೇ ಹೋಗುತ್ತೆ. ಅಮೋನಿಯಾ ಇರೋ ಕ್ಲೀನರ್ ಇನ್ನೂ ಕೆಟ್ಟದು, ಅದರ ವಾಸನೆಯೇ ಉಚ್ಚೆಯ ಥರ. ಬೇಕಾದ್ದು ಕಲೆಯನ್ನ ಒಡೆದು ಹಾಕೋ ಎನ್‌ಜೈಮ್. ಬಟ್ಟೆ ಒಗೆಯೋಕೆ ಎನ್‌ಜೈಮ್ ಬಳಸೋ ಪೇಟೆಂಟ್ ಅನ್ನ ಜರ್ಮನಿಯ ಒಟ್ಟೊ ರೋಮ್ 1913ರಲ್ಲೇ ಪಡೆದಿದ್ದ. ಅದೇ ತತ್ವದ ಬಾಟಲಿ ಈಗ ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುತ್ತೆ. ಹಸಿ ಇದ್ದಾಗಲೇ ಟಿಶ್ಯೂ ಒತ್ತಿ ಹೀರಿಸಿ, ಅದನ್ನ ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಬೇಕು.

ಬೆಣ್ಣೆ ಪೂರ್ತಿ ಕಲಿಯೋಕೆ ನಾಲ್ಕು ತಿಂಗಳು ಬೇಕಾಯ್ತು. ಅದರಲ್ಲಿ ಒಂದು ತಿಂಗಳು ನನ್ನ ಮೇಲಿನ ಭಯ ಹೋಗೋಕೆ. ಈಗಲೂ ಪೇಪರ್ ಮಡಚೋ ಸದ್ದಿಗೆ ಒಮ್ಮೊಮ್ಮೆ ಕಿವಿ ಹಿಂದಕ್ಕೆ ಹೋಗುತ್ತೆ. ಅದಕ್ಕೆ ಮಾತ್ರ ಬಾಟಲಿ ಎಲ್ಲೂ ಸಿಕ್ಕಿಲ್ಲ.

ಯುಗಾದಿಗೆ ಅವ್ವ ಬಂದಾಗ ಬೆಣ್ಣೆ ಖುಷಿಗೆ ಕುಣಿದು ಕುಣಿದು ಅವ್ವನ ಕಾಲ ಹತ್ರಾನೇ ಚೂರು ಉಚ್ಚೆ ಬಿಟ್ಟಿತು. ಬೈತಾರೆ ಅಂದುಕೊಂಡೆ. “ಬುಡ್ಲಾ, ಅದ್ಕೇನ್ ಗೊತ್ತಾಯ್ತದೆ. ನೀನೇನ್ ಕಮ್ಮಿ ಮಾಡಿದ್ಯಾ?” ಅಂತ ಬಗ್ಗಿ ಬಟ್ಟೆ ತಗೊಂಡರು. ನಾನು ಕೈಯಿಂದ ಬಟ್ಟೆ ಕಿತ್ತುಕೊಂಡು, “ನೀನ್ ಕೂತ್ಕೊ ಅವ್ವಾ” ಅಂದು ನಾನೇ ಒರೆಸಿದೆ.