ಅಂಚೆಯಲ್ಲಿ ಬಂದ ಬಂದೂಕು



ಅಮೆರಿಕದ ಓಹಾಯೋ ರಾಜ್ಯದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ದೂರವಾಣಿಯಲ್ಲಿ ಮಾತನಾಡುತ್ತ ಒಂದು ಸೋಜಿಗದ ಸಂಗತಿಯನ್ನು ಹೇಳಿದ. ಅವನ ನೆರೆಮನೆಯ ವೃದ್ಧರಿಗೆ ಕೊರಿಯರ್ ಮೂಲಕ ಉದ್ದನೆಯ ಪೆಟ್ಟಿಗೆಯೊಂದು ಬಂದಿತಂತೆ. ತೆರೆದರೆ ಎರಡನೆಯ ಮಹಾಯುದ್ಧದ ಕಾಲದ ಸೈನಿಕ ರೈಫಲ್! "ಸಾರ್, ಇಲ್ಲಿ ಸೈನ್ಯದ ಹಳೆಯ ಬಂದೂಕುಗಳನ್ನು ಸರ್ಕಾರವೇ ಜನರಿಗೆ ಮಾರುತ್ತದಂತೆ. ನೀವಾದರೆ ಒಂದು ಖಾಲಿ ಖೋಖಾಗಾಗಿ ನಮ್ಮನ್ನೆಲ್ಲ ಕತ್ತಲಾಗುವವರೆಗೆ ಮೈದಾನದಲ್ಲಿ ನಿಲ್ಲಿಸಿದ್ದಿರಿ" ಎಂದು ನಕ್ಕ.

ನಾನೂ ನಕ್ಕೆ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು.

ಎನ್‌ಸಿಸಿಯಲ್ಲಿದ್ದವರಿಗೆ ಆ ಸಂಜೆ ನೆನಪಿರಬಹುದು. ಪಾಯಿಂಟ್ ಟೂ-ಟೂ ರೈಫಲಿನ ಗುರಿ ಅಭ್ಯಾಸ ಮುಗಿದ ಮೇಲೆ ಸಿಡಿದ ತೋಟಾಗಳ ಹಿತ್ತಾಳೆ ಕೊಳವೆಗಳನ್ನು, ಅಂದರೆ ಖೋಖಾಗಳನ್ನು, ಎಣಿಸಿ ಒಪ್ಪಿಸಬೇಕು. ಅಂದು ಒಂದು ಕಡಿಮೆ ಬಂತು. ಹುಲ್ಲನ್ನೆಲ್ಲ ಜಾಲಾಡಿದೆವು. ಕೊನೆಗೆ ಅದು ಸಿಕ್ಕಿದ್ದು ಎಂಟನೆಯ ತರಗತಿಯ ಹುಡುಗನೊಬ್ಬನ ಚಡ್ಡಿಯ ಜೇಬಿನಲ್ಲಿ. ಅದನ್ನು ತುಟಿಗಿಟ್ಟು ಊದಿದರೆ ಶಿಳ್ಳೆಯಾಗುತ್ತದೆಂದು ಯಾರೋ ಅವನಿಗೆ ಹೇಳಿದ್ದರು. ಎಲ್ಲರೆದುರು ನಾನು ಅವನ ಕೆನ್ನೆಗೆ ಹೊಡೆದೆ. ಲೆಕ್ಕ ತಪ್ಪಿದರೆ ಮೇಲಿನವರಿಗೆ ಏನು ಉತ್ತರ ಹೇಳಲಿ ಎಂಬ ಭಯ ನನ್ನದಾಗಿತ್ತು. ಏಟು ಮಾತ್ರ ಅವನಿಗೆ ಬಿತ್ತು.

ಒಂದು ದೇಶದಲ್ಲಿ ಖಾಲಿ ಕೊಳವೆಗೂ ಲೆಕ್ಕ. ಮತ್ತೊಂದು ದೇಶದಲ್ಲಿ ಇಡೀ ರೈಫಲ್ ಮನೆಬಾಗಿಲಿಗೆ. ಇದು ಹೇಗಾಯಿತು? "ಒಂದು ಕಾಯಿದೆಯನ್ನು ಓದುವಾಗ ಅದರ ಹಿಂದೆ ಯಾರ ಭಯವಿದೆ, ಯಾರ ಲಾಭವಿದೆ ಎಂದು ಮೊದಲು ಕೇಳಿ" ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದುಂಟು. ಇಂದು ಅದೇ ಪ್ರಶ್ನೆಯನ್ನು ಅಮೆರಿಕದ ಈ ಹಳೆಯ ರೈಫಲುಗಳಿಗೆ ಕೇಳೋಣ.

ಮೊದಲಿಗೆ ಇದ್ದುದು ಸೈನ್ಯದ ಭಯ. 1898ರಲ್ಲಿ ಸ್ಪೇನಿನೊಡನೆ ಯುದ್ಧವಾದಾಗ ಅಮೆರಿಕ ತನ್ನ ಸಣ್ಣ ಸೈನ್ಯಕ್ಕೆ ಸ್ವಯಂಸೇವಕರನ್ನು ತರಾತುರಿಯಲ್ಲಿ ಸೇರಿಸಿಕೊಳ್ಳಬೇಕಾಯಿತು. ಅವರಲ್ಲಿ ಅನೇಕರಿಗೆ ಗುರಿಯಿಟ್ಟು ಹೊಡೆಯಲು ಬರುತ್ತಿರಲಿಲ್ಲ. ನಾಳೆ ಸೈನಿಕನಾಗಬೇಕಾದವನು ಇಂದೇ ರೈಫಲ್ ಹಿಡಿಯುವುದನ್ನು ಕಲಿತಿರಲಿ ಎಂಬ ಆಲೋಚನೆಯಿಂದ, ಥಿಯೊಡೋರ್ ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದ 1903ರಲ್ಲಿ, ರೈಫಲ್ ಅಭ್ಯಾಸವನ್ನು ಉತ್ತೇಜಿಸುವ ರಾಷ್ಟ್ರೀಯ ಮಂಡಳಿಯೊಂದು ಸ್ಥಾಪನೆಯಾಯಿತು. 1905ರ ಕಾಯಿದೆಯು ಸೈನ್ಯದಲ್ಲಿ ಹೆಚ್ಚಾಗಿ ಉಳಿದ ರೈಫಲುಗಳನ್ನು ನಾಗರಿಕರ ರೈಫಲ್ ಸಂಘಗಳಿಗೆ ತಯಾರಿಕಾ ವೆಚ್ಚಕ್ಕೇ ಮಾರಲು ಅನುಮತಿ ನೀಡಿತು. 1916ರಲ್ಲಿ ಈ ಕೆಲಸಕ್ಕಾಗಿ ಸೈನ್ಯದಲ್ಲೇ ಪ್ರತ್ಯೇಕ ನಿರ್ದೇಶಕರ ಕಚೇರಿ ಬಂತು. ನಾಗರಿಕನ ಕೈಯಲ್ಲಿ ಬಂದೂಕಿಲ್ಲದಿರುವುದೇ ಅಂದಿನ ಸರ್ಕಾರಕ್ಕೆ ಚಿಂತೆಯ ವಿಷಯವಾಗಿತ್ತು.

ನಮ್ಮಲ್ಲಿ ಆ ಹೊತ್ತಿಗೆ ನಡೆದುದು ಇದಕ್ಕೆ ತದ್ವಿರುದ್ಧ. 1857ರ ನೆನಪು ಮಾಸದ ಬ್ರಿಟಿಷರು 1878ರ ಶಸ್ತ್ರಾಸ್ತ್ರ ಕಾಯಿದೆಯ ಮೂಲಕ ಪರವಾನಗಿಯಿಲ್ಲದೆ ಭಾರತೀಯನು ಶಸ್ತ್ರ ಹಿಡಿಯದಂತೆ ಮಾಡಿದರು. ಕೊಡಗಿನವರಿಗೆ ವಿನಾಯಿತಿ ದೊರೆತದ್ದು ಅಪವಾದ. ಸ್ವತಂತ್ರ ಭಾರತವೂ ಅದನ್ನು ಮುಂದುವರಿಸಿ, 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು. ಉಳಿದವರಿಗೆ 1959ರ ಹೊಸ ಕಾಯಿದೆಯಲ್ಲಿಯೂ ಪರವಾನಗಿಯ ನಿಯಮ ತಪ್ಪಲಿಲ್ಲ. ಪೊಲೀಸರ ಹೆಗಲ ಮೇಲೆ ನಾವೆಲ್ಲ ಕಂಡ ತ್ರೀ-ನಾಟ್-ತ್ರೀ ರೈಫಲ್ ಸಾಮಾನ್ಯ ಪರವಾನಗಿಗೆ ದಕ್ಕದ ನಿಷೇಧಿತ ವರ್ಗಕ್ಕೆ ಸೇರಿದ್ದು. ಖಾಲಿ ಖೋಖಾದ ಲೆಕ್ಕದ ಹಿಂದೆ ಇಷ್ಟು ಉದ್ದದ ಚರಿತ್ರೆಯಿದೆ.

ಈಗ ಆ ವೃದ್ಧರ ಪೆಟ್ಟಿಗೆಯೊಳಗಿನ ಬಂದೂಕಿಗೆ ಬರೋಣ. ಅದರ ಹೆಸರು ಎಂ-1 ಗರಾಂಡ್. ಕೆನಡಾದಲ್ಲಿ ಹುಟ್ಟಿದ ಜಾನ್ ಗರಾಂಡ್ ಎಂಬ ತಂತ್ರಜ್ಞರು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ವರ್ಷಾನುಗಟ್ಟಲೆ ಶ್ರಮಿಸಿ ರೂಪಿಸಿದ ರೈಫಲ್ ಇದು. 1936ರಲ್ಲಿ ಅಮೆರಿಕದ ಸೈನ್ಯ ಇದನ್ನು ಅಂಗೀಕರಿಸಿತು. ಆ ಕಾಲದ ಇತರ ಸೈನ್ಯಗಳ ಯೋಧನು ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾಗಿದ್ದರೆ, ಗರಾಂಡ್ ಹಿಡಿದವನು ಕುದುರೆಯನ್ನು ಒತ್ತುತ್ತಾ ಹೋದರೆ ಸಾಕು, ಎಂಟು ಗುಂಡುಗಳು ಒಂದೊಂದಾಗಿ ಹಾರುತ್ತಿದ್ದವು. ಇಂಥ 50 ಲಕ್ಷಕ್ಕೂ ಹೆಚ್ಚು ರೈಫಲುಗಳು ತಯಾರಾದವು. ಯುದ್ಧ ಮುಗಿದ ಮೇಲೆ ಕೆಲವು ಉಗ್ರಾಣ ಸೇರಿದವು. ಲಕ್ಷಾಂತರ ರೈಫಲುಗಳು ನೆರವಿನ ರೂಪದಲ್ಲಿ ದಕ್ಷಿಣ ಕೊರಿಯಾ, ಫಿಲಿಪ್ಪೀನ್ಸ್, ಟರ್ಕಿ ಮುಂತಾದ ದೇಶಗಳಿಗೆ ಹೋದವು.

ಯುದ್ಧಾನಂತರ ಯುರೋಪಿನ ಸೈನ್ಯಗಳು ತಮ್ಮ ಹಳೆಯ ರೈಫಲುಗಳನ್ನು ಗುಜರಿಯ ಬೆಲೆಗೆ ಮಾರಿದವು. ಅವು ಹಡಗುಗಳಲ್ಲಿ ಅಮೆರಿಕಕ್ಕೆ ಬಂದು, ಪತ್ರಿಕೆಯ ಜಾಹೀರಾತು ನೋಡಿ ಹಣ ಕಳಿಸಿದವರಿಗೆ ಅಂಚೆಯಲ್ಲಿ ತಲುಪುತ್ತಿದ್ದವು. ಈಗ ಹುಟ್ಟಿದ್ದು ವ್ಯಾಪಾರದ ಭಯ. ಅಗ್ಗದ ವಿದೇಶಿ ಮಾಲಿನಿಂದ ನ್ಯೂ ಇಂಗ್ಲೆಂಡಿನ ಬಂದೂಕು ಕಾರ್ಖಾನೆಗಳಿಗೆ ಪೆಟ್ಟು ಬಿತ್ತು. 1958ರಲ್ಲಿ ಮ್ಯಾಸಚೂಸೆಟ್ಸ್‌ನ ಯುವ ಸೆನೆಟರ್ ಒಬ್ಬರು, ಸೈನ್ಯಕ್ಕಾಗಿ ತಯಾರಾದ ಬಂದೂಕುಗಳ ಆಮದನ್ನು ನಿಷೇಧಿಸುವ ಮಸೂದೆಯನ್ನು ಮಂಡಿಸಿದರು. ತಮ್ಮ ರಾಜ್ಯದ ಕಾರ್ಖಾನೆಗಳ ಹಿತ ಅದರ ಉದ್ದೇಶವಾಗಿತ್ತು. ಮಸೂದೆ ಅವರು ಬಯಸಿದ ರೂಪದಲ್ಲಿ ಅಂಗೀಕಾರವಾಗಲಿಲ್ಲ. ಅಮೆರಿಕವೇ ನೆರವಾಗಿ ಕೊಟ್ಟ ಶಸ್ತ್ರಗಳು ಮರಳಿ ಬರುವುದಕ್ಕಷ್ಟೇ ತಡೆ ಬಿತ್ತು.

ಆ ಸೆನೆಟರ್‌ರ ಹೆಸರು ಜಾನ್ ಎಫ್. ಕೆನಡಿ.

1963ರಲ್ಲಿ ಲೀ ಹಾರ್ವೆ ಆಸ್ವಾಲ್ಡ್ ಎಂಬಾತ ಸುಳ್ಳು ಹೆಸರಿನಲ್ಲಿ ಷಿಕಾಗೋದ ಅಂಗಡಿಯೊಂದರಿಂದ ಇಟಲಿಯ ಸೈನ್ಯದ ಹಳೆಯ ಕಾರ್ಕಾನೋ ರೈಫಲನ್ನು ತರಿಸಿಕೊಂಡ. ದೂರದರ್ಶಕವೂ ಸೇರಿ ಅದರ ಬೆಲೆ 19 ಡಾಲರ್ 95 ಸೆಂಟ್. ಸಾಗಣೆ ವೆಚ್ಚ ಒಂದೂವರೆ ಡಾಲರ್. ಅದೇ ವರ್ಷ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನಡಿಯವರು ಹತರಾದದ್ದು ಆ ರೈಫಲಿನಿಂದ. ಕಾರ್ಖಾನೆಗಳ ಸಲುವಾಗಿ ಅವರು ಯಾವ ಬಾಗಿಲನ್ನು ಮುಚ್ಚಲು ಹೊರಟಿದ್ದರೋ ಅದೇ ಬಾಗಿಲಿನಿಂದ ಅವರ ಮೃತ್ಯು ಒಳಗೆ ಬಂತು. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಆದರೂ ಕಾಯಿದೆಗೆ ಇನ್ನೂ ಐದು ವರ್ಷ ಬೇಕಾಯಿತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿಯವರು ಎರಡು ತಿಂಗಳ ಅಂತರದಲ್ಲಿ ಗುಂಡಿಗೆ ಬಲಿಯಾದ ಮೇಲೆ, ಅದೇ ಅಕ್ಟೋಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬಂದೂಕು ನಿಯಂತ್ರಣ ಕಾಯಿದೆಗೆ ಸಹಿ ಹಾಕಿದರು. ಜನಸಾಮಾನ್ಯರು ಬೇರೆ ರಾಜ್ಯದ ಅಂಗಡಿಯಿಂದ ಅಂಚೆಯಲ್ಲಿ ಬಂದೂಕು ತರಿಸುವುದು ನಿಂತಿತು. ಸೈನ್ಯಗಳ ಹಳೆಯ ಬಂದೂಕುಗಳ ಆಮದೂ ನಿಂತಿತು. ವಿಚಿತ್ರವೆಂದರೆ, ಅಮೆರಿಕದ ಸೈನ್ಯವೇ ತನ್ನ ಉಗ್ರಾಣದಿಂದ ಮಾರುತ್ತಿದ್ದ ಯೋಜನೆ ಉಳಿಯಿತು. 1980ರ ದಶಕದಲ್ಲಿ ಆಮದಿನ ನಿಷೇಧವೂ ಸಡಿಲಗೊಂಡು, ಸಂಗ್ರಹಯೋಗ್ಯವೆನಿಸಿದ ಹಳೆಯ ಸೈನಿಕ ಬಂದೂಕುಗಳಿಗೆ ಬಾಗಿಲು ತೆರೆಯಿತು.

ಶಿಷ್ಯನ ಮಾತಿನಲ್ಲಿ ಇಲ್ಲೊಂದು ಚಿಕ್ಕ ತಿದ್ದುಪಡಿ ಬೇಕು. 1996ರ ಕಾಯಿದೆಯ ನಂತರ ಮಾರುವುದು ನೇರವಾಗಿ ಸರ್ಕಾರವಲ್ಲ. ಸಂಸತ್ತೇ ಸ್ಥಾಪಿಸಿದ ಒಂದು ಲಾಭರಹಿತ ನಿಗಮ. ಸೈನ್ಯ ಕೊಟ್ಟ ರೈಫಲುಗಳನ್ನು ಮಾರಿ, ಬಂದ ಹಣದಿಂದ ಅದು ಗುರಿ ಅಭ್ಯಾಸದ ಶಿಬಿರ, ಸ್ಪರ್ಧೆಗಳನ್ನು ನಡೆಸುತ್ತದೆ. ಕೊಳ್ಳುವವನು ಮಾನ್ಯತೆ ಪಡೆದ ಸಂಘದ ಸದಸ್ಯನಾಗಿರಬೇಕು, ಪೂರ್ವಾಪರದ ತಪಾಸಣೆಗೂ ಒಳಪಡಬೇಕು. ಅವರ ಅಂಚೆಯ ಬಂದೂಕಿಗೂ ಒಂದು ಲೆಕ್ಕವಿದೆಯೆನ್ನಿ.

ಮುಂದಿನದು ಪಕ್ಷರಾಜಕೀಯದ ಕಥೆ. ದಕ್ಷಿಣ ಕೊರಿಯಾ ತನ್ನಲ್ಲಿದ್ದ ಸುಮಾರು 87 ಸಾವಿರ ಗರಾಂಡ್‌ಗಳನ್ನು ಅಮೆರಿಕದ ಮಾರುಕಟ್ಟೆಗೆ ಮಾರಲು ಬಯಸಿತು. ಒಬಾಮಾ ಸರ್ಕಾರ ಒಮ್ಮೆ ಒಪ್ಪಿ, 2010ರಲ್ಲಿ ಹಿಂದೆಗೆಯಿತು. 2013ರ ಆಗಸ್ಟ್‌ನಲ್ಲಿ, ಖಾಸಗಿಯವರು ಇಂಥ ಶಸ್ತ್ರಗಳನ್ನು ಮರಳಿ ತರಲು ಕೇಳಿದರೆ, ವಸ್ತುಸಂಗ್ರಹಾಲಯದಂಥ ಕೆಲವು ಸಂದರ್ಭಗಳ ಹೊರತು, ನಿರಾಕರಿಸುವುದೆಂಬ ನೀತಿಯನ್ನು ಶ್ವೇತಭವನ ಪ್ರಕಟಿಸಿತು. ಟ್ರಂಪ್ ಅಧ್ಯಕ್ಷರಾದ ಮೊದಲ ಅವಧಿಯಲ್ಲಿ ಗಾಳಿ ಬೇರೆ ಕಡೆಗೆ ಬೀಸಿತು: ಸೈನ್ಯದ 1911 ಮಾದರಿಯ ಹಳೆಯ ಪಿಸ್ತೂಲುಗಳೂ 2018ರಿಂದ ಅದೇ ನಿಗಮದ ಮೂಲಕ ಮಾರಾಟಕ್ಕೆ ಬಂದವು.

ಇಬ್ಬರ ವಾದದಲ್ಲೂ ಹುರುಳಿದೆ. ನಾಲ್ಕು ಕಿಲೋಗೂ ಹೆಚ್ಚು ತೂಗುವ, ಮಾರುದ್ದದ ಈ ಮುದಿ ರೈಫಲನ್ನು ಯಾವ ದರೋಡೆಕೋರ ಹೊತ್ತುಕೊಂಡು ಹೋಗುತ್ತಾನೆ ಎನ್ನುತ್ತಾರೆ ಒಬ್ಬರು. ಯುದ್ಧಕ್ಕೆಂದೇ ಮಾಡಿದ ಶಸ್ತ್ರವನ್ನು ಬೀದಿಗೆ ಬಿಡುವ ಕೆಲಸದಲ್ಲಿ ರಾಜ್ಯ ಏಕೆ ಕೈಹಾಕಬೇಕು ಎನ್ನುತ್ತಾರೆ ಇನ್ನೊಬ್ಬರು.

ಹಾಗಾದರೆ ಮುಂದೇನು? ಈ ಜಗಳಕ್ಕೆ ವಾದದಿಂದ ತೀರ್ಪು ಸಿಗದಿದ್ದರೂ ಉಗ್ರಾಣದಿಂದ ಸಿಗಬಹುದೆಂದು ನನಗನ್ನಿಸುತ್ತದೆ. ಗರಾಂಡ್‌ನ ನಂತರ ಸೈನ್ಯಕ್ಕೆ ಬಂದ ಎಂ-14, ಎಂ-16 ರೈಫಲುಗಳು ಒಮ್ಮೆ ಒತ್ತಿದರೆ ಗುಂಡಿನ ಮಳೆಗರೆಯಬಲ್ಲವು. ಕಾನೂನಿನ ಕಣ್ಣಿಗೆ ಅವು ಮೆಷಿನ್ ಗನ್‌ಗಳು. ಅಂಥವನ್ನು ಹೊಸದಾಗಿ ಜನರ ಕೈಗೆ ಕೊಡುವುದನ್ನು 1986ರ ಕಾಯಿದೆ ತಡೆದಿದೆ. ಫಿಲಿಪ್ಪೀನ್ಸ್ ಮತ್ತು ಟರ್ಕಿ ಹಿಂದಿರುಗಿಸಿದ ಗರಾಂಡ್‌ಗಳು ನಿಗಮದ ಉಗ್ರಾಣಕ್ಕೆ ಒಂದಷ್ಟು ಆಯುಷ್ಯ ಕೊಟ್ಟವು. ಮಾರಿದಷ್ಟೂ ಕರಗುವ ರಾಶಿ ಅದು. ಕರಗಿದ ದಿನ ಅಮೆರಿಕದ ಸಂಸತ್ತು ನೇರವಾಗಿ ಉತ್ತರಿಸಬೇಕಾಗುತ್ತದೆ: ನಾಗರಿಕನನ್ನು ನಾವು 1903ರಂತೆ ನಾಳಿನ ಸೈನಿಕನೆಂದು ನಂಬುತ್ತೇವೆಯೇ, ಅಥವಾ 1968ರಂತೆ ಅಂಜುತ್ತೇವೆಯೇ? ಈವರೆಗೆ ಹಳೆಯ ರೈಫಲಿನ ಮರೆಯಲ್ಲಿ ಆ ಪ್ರಶ್ನೆಯನ್ನು ಮುಂದೂಡುತ್ತ ಬಂದಿದ್ದಾರೆ.

ಬಂದೂಕು ಹಂಚುವ ದೇಶವೇ ಮೇಲೆಂದು ನಾನು ಹೇಳಲಾರೆ. ಅಲ್ಲಿಯ ಶಾಲೆಗಳಿಂದ ಬರುವ ಸುದ್ದಿಗಳನ್ನು ಓದುವ ಯಾವ ಮೇಷ್ಟರೂ ಹೇಳಲಾರ. ಖೋಖಾಗಳನ್ನು ಎಣಿಸಿದ್ದು ಸರಿಯೇ. ಎಣಿಸುವವನು ಹುಡುಗನ ಜೇಬಿನಲ್ಲಿದ್ದುದು ಕಳ್ಳತನವೋ ಶಿಳ್ಳೆಯ ಆಸೆಯೋ ಎಂದು ಕೇಳಬೇಕಾಗಿತ್ತು, ಅಷ್ಟೇ. ನಾನು ಕೇಳಲಿಲ್ಲ. ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ನಿಮ್ಮಲ್ಲಿ ಯಾರಿಗಾದರೂ ಅವನ ಸಂಪರ್ಕವಿದ್ದರೆ, ಮೇಷ್ಟರು ಆ ಸಂಜೆಯನ್ನು ಮರೆತಿಲ್ಲವೆಂದು ತಿಳಿಸಿ.