ಶ್ವಾಸಮಾರ್ಗ ಸಾಧನಗಳು

ಪೂರ್ಣ ಅರಿವಳಿಕೆಯಲ್ಲಿ ಪ್ರಜ್ಞೆಯೊಡನೆ ಗಂಟಲಿನ ಸ್ನಾಯುಗಳ ಬಿಗಿಯೂ ಸಡಿಲಿ, ನಾಲಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚುವ ಸಂಭವವಿರುವುದರಿಂದ, ಆ ದಾರಿಯನ್ನು ತೆರೆದಿಡಲು ಬಳಸುವ ಉಪಕರಣಗಳು. ಶಸ್ತ್ರಚಿಕಿತ್ಸೆಗೆಂದು ತೆರಳುವವರು ತಿಳಿದಿರಬೇಕಾದವು ಮುಖ್ಯವಾಗಿ ಎರಡು: ಧ್ವನಿತಂತುಗಳ ನಡುವೆ ಸಾಗಿ ಶ್ವಾಸನಾಳದಲ್ಲಿ ನಿಲ್ಲುವ, ತುದಿಯ ಬಳಿ ಗಾಳಿ ತುಂಬುವ ಪಟ್ಟಿಯುಳ್ಳ ನಳಿಕೆ; ಆರ್ಚಿ ಬ್ರೇನ್ ಎಂಬ ಆಂಗ್ಲ ವೈದ್ಯರು 1981ರಲ್ಲಿ ರೂಪಿಸಿದ, ಧ್ವನಿಪೆಟ್ಟಿಗೆಯ ಬಾಯಿಯ ಮೇಲೆ ದೋಣಿಯಂತೆ ಕುಳಿತುಕೊಳ್ಳುವ ಲ್ಯಾರಿಂಜಿಯಲ್ ಮಾಸ್ಕ್. ಎರಡನೆಯದನ್ನು, ಧ್ವನಿಪೆಟ್ಟಿಗೆಯನ್ನು ನೋಡಲು ಬಳಸುವ ಲ್ಯಾರಿಂಗೋಸ್ಕೋಪ್ ಇಲ್ಲದೆಯೇ ಕೂರಿಸಬಹುದು. ಗಂಟಲುನೋವೂ ರಕ್ತದೊತ್ತಡದ ಏರಿಕೆಯೂ ಅದರಲ್ಲಿ ಕಡಿಮೆ. ಗಾಳಿ ತುಂಬಬೇಕಿಲ್ಲದ, ಮೃದುವಾದ ಅಂಚಿನ ಐ-ಜೆಲ್ ಇದೇ ವರ್ಗದ್ದು. ಆದರೂ ಹೊಟ್ಟೆ ತುಂಬಿದ ರೋಗಿಯಲ್ಲಿ ಜಠರದ್ರವವು ಶ್ವಾಸಕೋಶಕ್ಕಿಳಿಯದಂತೆ ತಡೆಯುವುದರಲ್ಲಿ ನಳಿಕೆಗೆ ಸಮನಾದುದು ಇವುಗಳಲ್ಲಿ ಇನ್ನೊಂದಿಲ್ಲ. ಆದುದರಿಂದ ಶಸ್ತ್ರಚಿಕಿತ್ಸೆಯ ಮೊದಲು ಒಂದು ಬಟ್ಟಲು ಗಂಜಿ ಕುಡಿದಿದ್ದರೂ ಅರಿವಳಿಕೆ ತಜ್ಞರಿಗೆ ಮುಚ್ಚಿಡದೆ ಹೇಳತಕ್ಕದ್ದು.